ಗಾಳಿ ಬೆಳಕು ಪಸಂದಾಗೈತೆ

ಶ್ರೀರಂಗಪಟ್ಟಣದ ಕೋಟೆಯೊಳಗಿನ ಆ ಮನೆಯಲ್ಲಿ ಕಕ್ಕಸಿಗೆ ಹೋಗಬೇಕಾದರೆ ನಾಲ್ಕು ಮೆಟ್ಟಿಲು ಹತ್ತಬೇಕಿತ್ತು. ಮೆಟ್ಟಿಲ ಪಕ್ಕ ಸ್ಟೀಲು ಕಂಬಿ, ಕಂಬಿಯ ತುದಿಗೊಂದು ಹೊಳೆಯುವ ಗುಂಡು. ಮೇಲೆ ನಿಂತರೆ ಕಿಟಕಿಯಿಂದ ಪಕ್ಕದವರ ಹಿತ್ತಿಲು, ಅಲ್ಲಿ ಒಣಹಾಕಿದ್ದ ಸಂಡಿಗೆ, ಸಂಡಿಗೆ ಕಾಯುತ್ತ ಕೂತಿದ್ದ ಅಜ್ಜಿ ಎಲ್ಲ ಕಾಣುತ್ತಿತ್ತು. ಅಜ್ಜಿಗೆ ನಾವೂ ಕಾಣುತ್ತಿದ್ದೆವು. ನಮ್ಮ ಯಜಮಾನರು ಹತ್ತಿ ನೋಡಿ ಇಳಿದು ಬಂದು, "ಪಟ್ಟಾಭಿಷೇಕ ಆದಂಗಾಯ್ತು" ಅಂದರು. ಮನೆ ತೋರಿಸಲು ಬಂದಿದ್ದ ಬ್ರೋಕರು ನಗಲಿಲ್ಲ. "ಗಾಳಿ ಬೆಳಕು ಪಸಂದಾಗೈತೆ ಮಿಸ್" ಅಂದ.

ಮಿಸ್ ಅಂದದ್ದು ನನಗೆ. ಅವನು ನನ್ನ ಹಳೆಯ ವಿದ್ಯಾರ್ಥಿ. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಗಣಿತದಲ್ಲಿ ಡುಮ್ಕಿ ಹೊಡೆದವನು. ಸಂಜೆ ನಮ್ಮ ಮನೆಗೂ ಬಂದು ಪಾಠ ಹೇಳಿಸಿಕೊಂಡು, ಅದರಿಂದೇನೂ ಅಪಾಯವಾಗದಂತೆ ತನ್ನನ್ನು ಕಾಪಾಡಿಕೊಂಡವನು. ಈಗ ಕೊಳ್ಳುವವರ ಕಡೆಯಿಂದ ಎರಡು ಪರ್ಸೆಂಟು, ಮಾರುವವರ ಕಡೆಯಿಂದ ಎರಡು ಪರ್ಸೆಂಟು ಅಂತ ಬಾಯಲ್ಲೇ ಲೆಕ್ಕ ಹಾಕಿ ರೂಪಾಯಿಯವರೆಗೆ ಹೇಳುತ್ತಾನೆ. ಮೂವತ್ತು ವರ್ಷ ನಾನು ಪಾಠ ಮಾಡಿದ್ದರಲ್ಲಿ ತಪ್ಪಿದ್ದೆಲ್ಲ ಉದಾಹರಣೆಗಳದ್ದು ಅಂತ ಈಗ ಅನ್ನಿಸುತ್ತದೆ. ಒಂದು ನಲ್ಲಿ ತೊಟ್ಟಿ ತುಂಬಿಸುತ್ತೆ, ಇನ್ನೊಂದು ಖಾಲಿ ಮಾಡುತ್ತೆ ಅಂತ ಯಾರ ಮನೆಯಲ್ಲೂ ಇಲ್ಲದ ತೊಟ್ಟಿಯನ್ನು ಬೋರ್ಡಿನ ಮೇಲೆ ತುಂಬಿಸುವ ಬದಲು ಕಮಿಷನ್ನಿನ ಲೆಕ್ಕ ಕೊಟ್ಟಿದ್ದರೆ ಹುಡುಗ ಮೊದಲ ಸಲಕ್ಕೇ ಪಾಸಾಗುತ್ತಿದ್ದ.

ನಿವೃತ್ತರಾದ ಮೇಲೆ ಮಂಡ್ಯದ ಮನೆ ಮಾರಿ ಒಂದು ಸಣ್ಣ ಊರಿಗೆ ಹೋಗೋಣ ಎಂದದ್ದು ನಮ್ಮವರು. ಯಾವ ಊರಿಗೆ ಎಂಬಲ್ಲಿ ಸಂಸಾರಕ್ಕೆ ಚೆಕ್ಕುಬಂದಿ ಬಿತ್ತು. ಅವರದು ನಾಗಮಂಗಲ, ನನ್ನದು ಕೆ.ಆರ್. ಪೇಟೆ. ಇಬ್ಬರಿಗೂ ಬೇಡದ್ದು ಪಾಂಡವಪುರ, ಆದ್ದರಿಂದ ಅದೇ ರಾಜಿಯ ಊರು. ಶ್ರೀರಂಗಪಟ್ಟಣ ಮಾತ್ರ ಹೊಳೆಯ ಆಸೆಗೆ ಸೇರಿಕೊಂಡಿತು. ಹೀಗೆ ನಾಲ್ಕು ತಾಲ್ಲೂಕಿನಲ್ಲಿ ಆರು ತಿಂಗಳು ಜನರ ಮನೆಗಳ ಒಳಗೆಲ್ಲ ಓಡಾಡಿ ಬಂದೆವು. ಪರರ ಅಡುಗೆಮನೆಗೆ, ಮಲಗುವ ಕೋಣೆಗೆ, ಅಟ್ಟಕ್ಕೆ, ಯಾವ ನೆಂಟಸ್ತಿಕೆಯೂ ಇಲ್ಲದೆ, ಕಾಫಿ ಕುಡಿಸಿಕೊಂಡು ಇಣುಕಿ ಬರಬಹುದಾದ ಕಾನೂನುಬದ್ಧ ದಾರಿ ಇದೊಂದೇ ಇರಬೇಕು.

ಆ ಎತ್ತರದ ಕಕ್ಕಸಿನ ಗುಟ್ಟನ್ನು ಒಡೆದದ್ದು ನಮ್ಮವರೇ. ಅವರು ನೀರಾವರಿ ಇಲಾಖೆಯಲ್ಲಿದ್ದವರು. ವಿಶ್ವೇಶ್ವರಯ್ಯ ನಾಲೆಯ ಮೇಲೆ ಸೈಕಲ್ ತುಳಿದೇ ಕೂದಲು ನರೆಸಿಕೊಂಡವರು. ಹೊರಗಿನ ಗುಂಡಿ ಮನೆಯ ನೆಲಕ್ಕಿಂತ ಮೇಲಿದೆ, ನೀರಂತೂ ಏರುವುದಿಲ್ಲ, ಹಾಗಾಗಿ ಮನುಷ್ಯನೇ ಏರಬೇಕು ಎಂದರು. ಗುಂಡಿಯನ್ನು ಬೇರೆ ಕಡೆ ತೋಡಬಹುದಿತ್ತಲ್ಲ ಎಂದರೆ ಮನೆಯವರು ಕೈ ಮುಗಿದು ಆಚೆಗಿದ್ದ ಹಳೆಯ ಗೋಡೆಯನ್ನು ತೋರಿಸಿದರು. ಸಂರಕ್ಷಿತ ಸ್ಮಾರಕದಿಂದ 100 ಮೀಟರು ನಿಷೇಧಿತ, ಅದರಾಚೆ ಇನ್ನೂ 200 ಮೀಟರು ನಿಯಂತ್ರಿತ. 2010ರಲ್ಲಿ ಕಾಯಿದೆ ಇನ್ನೂ ಬಿಗಿಯಾಯಿತು. ಈ ಊರಿನಲ್ಲಿ ಕಲ್ಲೆಸೆದರೆ ಸ್ಮಾರಕಕ್ಕೆ ಬೀಳುತ್ತದೆ. ಹೊಸದಾಗಿ ಕಟ್ಟುವಂತಿಲ್ಲ, ರಿಪೇರಿಗೂ ಅಪ್ಪಣೆ ಬೇಕು. ಸಂಸಾರವೋ ಕಾಯಿದೆ ಕೇಳಿಕೊಂಡು ಬೆಳೆಯುವುದಿಲ್ಲ. ಮಗನಿಗೆ ಮದುವೆಯಾಗುತ್ತದೆ, ಮಗಳು ಬಾಣಂತನಕ್ಕೆ ಬರುತ್ತಾಳೆ. ಆಗ ಕೋಣೆಯೊಳಗೇ ಒಂದು ಕೋಣೆ, ಅದರೊಳಗೆ ಪ್ಲೈವುಡ್ಡಿನ ಮತ್ತೊಂದು ಕೋಣೆ. ಈರುಳ್ಳಿ ಸುಲಿದಂತೆ ಒಂದೊಂದೇ ಬಾಗಿಲು ತೆಗೆಯುತ್ತ ಹೋದ ಬ್ರೋಕರು ಕೊನೆಯದರಲ್ಲಿ ಮಲಗಿದ್ದ ಅಳಿಯನನ್ನು ಎಬ್ಬಿಸಿಬಿಟ್ಟ.

ಇಂಥ ಊರಿನಲ್ಲಿ ಸೋಜಿಗದ ಮನೆಗಳಿಗೆ ಹಿರಿಯರ ಮೇಲ್ಪಂಕ್ತಿಯೂ ಇದೆ. ಟಿಪ್ಪು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಹೆಚ್ಚುಕಡಿಮೆ ಪೂರ್ತಿ ತೇಗದ ಮನೆ. ಗೋಡೆಯ ಮೇಲಿನ ಯುದ್ಧದ ಚಿತ್ರಗಳನ್ನು ಎಲ್ಲರೂ ನೋಡುತ್ತಾರೆ. ನಾನು ಹುಡುಕಿದ್ದು ಮೆಟ್ಟಿಲನ್ನು. ಮಹಡಿಗೆ ಹೋಗುವ ನಾಲ್ಕು ಮೆಟ್ಟಿಲ ಸಾಲುಗಳನ್ನು ಒಳಗೋಡೆಗಳಲ್ಲಿ ಹುದುಗಿಸಿಟ್ಟಿದ್ದಾರೆ, ಥಟ್ಟನೆ ಕಣ್ಣಿಗೆ ಬೀಳವು. ಇನ್ನು ಇಂಗ್ಲಿಷರ ಕಾಲದ ಎಂಜಿನಿಯರ್ ಡಿ ಹ್ಯಾವಿಲೆಂಡ್ ಮಾಡಿದ್ದನ್ನು ನೋಡಿ. ಕಾವೇರಿಗೆ ದೊಡ್ಡ ಕಮಾನಿನ ಸೇತುವೆ ಕಟ್ಟಬಹುದು ಅಂತ ಸಾಧಿಸಿ ತೋರಿಸಲು 1808ರ ಸುಮಾರಿಗೆ ತನ್ನ ಮನೆಯ ತೋಟದಲ್ಲೇ 112 ಅಡಿಯ ಇಟ್ಟಿಗೆ ಕಮಾನೊಂದನ್ನು ಕಟ್ಟಿ ನಿಲ್ಲಿಸಿದ. ಕೆಳಗೆ ಹೊಳೆಯಿಲ್ಲ, ಮೇಲೆ ದಾರಿಯಿಲ್ಲ. ನಡುವೆ ನಿಂತು ಕುಪ್ಪಳಿಸಿದರೆ ತೂಗಾಡುತ್ತಿತ್ತಂತೆ. ಬೀಳುವ ಮೊದಲು ಅದು ನೂರು ವರ್ಷಕ್ಕೂ ಹೆಚ್ಚು ಹಾಗೆಯೇ ನಿಂತಿತ್ತು. ಆ ಮನೆಯನ್ನು ನಮ್ಮ ಹುಡುಗ ಮಾರುವಂತಿದ್ದರೆ ಏನನ್ನುತ್ತಿದ್ದ ಅಂತ ಯೋಚಿಸಿದೆ. "ಹಿತ್ತಲಲ್ಲಿ ಸ್ವಂತ ಬ್ರಿಡ್ಜ್ ಐತೆ ಮಿಸ್. ಹೊಳೆ ಬೇಕಾದ್ರೆ ಆಮೇಲೆ ಮಾಡ್ಕೊಬೋದು."

ಪಾಂಡವಪುರಕ್ಕೆ ಹೋದದ್ದು ಕಬ್ಬು ಅರೆಯುವ ಕಾಲದಲ್ಲಿ. ಆಲೆಮನೆಯ ವಾಸನೆ ಬಸ್ಸಿನ ಒಳಗೇ ಬಂದು ಕೂತಿತ್ತು. ಹೈದರ್ ಮತ್ತು ಟಿಪ್ಪುವಿನ ಕಡೆಯ ಫ್ರೆಂಚ್ ಸಿಪಾಯಿಗಳು ಇಲ್ಲಿ ಬೀಡುಬಿಟ್ಟಿದ್ದರೆಂದು ಒಂದು ಕಾಲಕ್ಕೆ ಈ ಊರಿಗೆ ಫ್ರೆಂಚ್ ರಾಕ್ಸ್ ಎಂದೇ ಹೆಸರು. ಸಿಪಾಯಿಗಳು ಗುಡಾರ ಹಾಕುವಾಗ ಆಯ ನೋಡಿರಲಾರರು. ಅವರ ಗತಿ ಏನಾಯಿತು ನೋಡಿ ಎಂದು ವಾಸ್ತು ಹೇಳುವವರು ಅನ್ನಬಹುದು.

ಇಲ್ಲಿ ಮೊದಲು ನೋಡಿದ ಮನೆ ಪೂರ್ವದ ಬಾಗಿಲಿನದು. ಪೂರ್ವಕ್ಕೆ ಬಾಗಿಲಿಟ್ಟವರಿಗೆ ಆಗ್ನೇಯ ಬೀದಿಗೇ ಬರುತ್ತದೆ; ಅಗ್ನಿಮೂಲೆಯಲ್ಲೇ ಒಲೆ ಇರಬೇಕೆಂದರೆ ಅಡುಗೆಮನೆ ತಲೆಬಾಗಿಲ ಪಕ್ಕಕ್ಕೇ ಬರುತ್ತದೆ. ಹೀಗಾಗಿ ಆ ಮನೆಯಲ್ಲಿ ಅಡುಗೆ ಮಾಡುವವರು ಊರಿನ ಮೊದಲ ದ್ವಾರಪಾಲಕರು. ಹಾಲಿನವನು, ಕರೆಂಟು ಬಿಲ್ಲಿನವನು, ಲಗ್ನಪತ್ರಿಕೆ ಕೊಡುವವರು ಎಲ್ಲರೂ ಕಿಟಕಿಯಲ್ಲಿ ಒಗ್ಗರಣೆಗೆ ಸೀನಿಯೇ ಒಳಗೆ ಬರಬೇಕು. ಮನೆಯಾಕೆಯನ್ನು ಕೇಳಿದೆ, ನಿಮಗೆ ಕಷ್ಟವಾಗಲ್ವಾ? "ಕಷ್ಟ ಏನಕ್ಕ, ಬೀದೀಲಿ ಏನ್ ನಡೆದ್ರೂ ಮೊದ್ಲು ನಂಗೇ ಗೊತ್ತಾಗೋದು" ಅಂದಳು. ಹಿಂದಿನ ಕೋಣೆಯಲ್ಲಿ ಟೀವಿ ಇಟ್ಟುಕೊಂಡು ಕೂತ ಗಂಡನಿಗೆ ಇಷ್ಟು ಸುದ್ದಿ ಎಲ್ಲಿ ಸಿಗಬೇಕು!

ಎರಡನೆಯ ಮನೆಯ ಹಾಲಿನಲ್ಲಿ ಯಜಮಾನರು ಟೇಪು ಬಿಚ್ಚಿದರು. ಅವರಿಗೆ ಆಯದಲ್ಲಿ ಬಹಳ ನಂಬಿಕೆ. ನಮ್ಮ ಕಡೆ ಹೇಳಿಕೊಡುವ ಲೆಕ್ಕ ಹೀಗೆ: ಉದ್ದ ಅಗಲವನ್ನು ಗುಣಿಸಿ, ಬಂದದ್ದನ್ನು 9ರಿಂದ ಗುಣಿಸಿ, 8ರಿಂದ ಭಾಗಿಸು. 1 ಉಳಿದರೆ ಧ್ವಜಾಯ, 2ಕ್ಕೆ ಧೂಮ್ರಾಯ, 3ಕ್ಕೆ ಸಿಂಹಾಯ, 4ಕ್ಕೆ ಶ್ವಾನಾಯ, 5ಕ್ಕೆ ವೃಷಭಾಯ, 6ಕ್ಕೆ ಖರಾಯ, 7ಕ್ಕೆ ಗಜಾಯ, ಏನೂ ಉಳಿಯದಿದ್ದರೆ ಕಾಕಾಯ. ಬಾವುಟ, ಸಿಂಹ, ಎತ್ತು, ಆನೆ ಒಳ್ಳೆಯವು. ಹೊಗೆ, ನಾಯಿ, ಕತ್ತೆ, ಕಾಗೆ ಕೆಟ್ಟವು. ಆ ಹಾಲು ಮೊದಲು 12ಕ್ಕೆ 14 ಅಡಿ ಇತ್ತಂತೆ. 168ನ್ನು ಎಂಟು ತಿಂದು ಏನೂ ಉಳಿಸುವುದಿಲ್ಲ. ಕಾಗೆ! ಗೃಹಪ್ರವೇಶಕ್ಕೆ ಮುಂಚೆ ಯಾರೋ ಇದನ್ನು ಕಂಡುಹಿಡಿದರು. ಎರಡು ಕಡೆ ಒಂದೊಂದು ಅಡಿ ಒಳಗೆ ಬಂದು ಹೊಸ ಗೋಡೆ ಎಬ್ಬಿಸಿದರು. 11ಕ್ಕೆ 13, ಅಂದರೆ 143, ಶೇಷ 7, ಗಜಾಯ. ಹಳೆಯ ಗೋಡೆಗೂ ಹೊಸ ಗೋಡೆಗೂ ನಡುವೆ ಗೇಣಗಲದ ಸಂದು ಉಳಿಯಿತು. ನಾವು ನಿಂತಿದ್ದಾಗ ಸಂದಿನೊಳಗೆ ಏನೋ ಸರಸರ ಓಡಿತು. ಇಲಿ. ಆನೆ ಬಂದ ಮೇಲೆ ಗಣಪತಿಯ ವಾಹನವೂ ಬರಲೇಬೇಕಲ್ಲ.

ಬಸ್ಸಿನಲ್ಲಿ ವಾಪಸು ಬರುವಾಗ ಟಿಕೆಟ್ಟಿನ ಹಿಂದೆ ಲೆಕ್ಕ ಮಾಡುತ್ತ ಕೂತೆ. ಒಂಬತ್ತರಿಂದ ಗುಣಿಸುವುದು ಬರೀ ಶೋಕಿ. ಒಂಬತ್ತು ಅಂದರೆ ಎಂಟರ ಮೇಲೊಂದು. ಎಂಟರಿಂದ ಭಾಗಿಸಿದಾಗ ಗುಣಿಸಿದರೂ ಅದೇ ಶೇಷ, ಗುಣಿಸದಿದ್ದರೂ ಅದೇ ಶೇಷ. ಇನ್ನೂ ಒಂದು ಸಿಕ್ಕಿತು. ಒಳ್ಳೆಯ ಆಯಗಳೆಲ್ಲ ಬೆಸ ಸಂಖ್ಯೆಗಳು. ಉದ್ದವೂ ಬೆಸ, ಅಗಲವೂ ಬೆಸ ಇಟ್ಟುಬಿಟ್ಟರೆ ಗುಣಲಬ್ಧ ಬೆಸ, ಶೇಷವೂ ಬೆಸ. ಕಾಗೆ ಕತ್ತೆಗಳು ಹತ್ತಿರವೇ ಸುಳಿಯವು. ಪಂಚಾಂಗವೂ ಬೇಡ, ದಕ್ಷಿಣೆಯೂ ಬೇಡ. ಇದನ್ನು ಹೇಳಿದರೆ ಯಜಮಾನರು ಕಿಟಕಿಯ ಆಚೆ ನೋಡತೊಡಗಿದರು. ದಕ್ಷಿಣೆ ಕೊಡದೆ ಬಂದ ಜ್ಞಾನಕ್ಕೆ ಬೆಲೆ ಇರುವುದಿಲ್ಲ. ಅವರ ಬಾಯಿ ಪೂರ್ತಿ ಮುಚ್ಚಿಸಿದ್ದು ಕೊನೆಯ ಲೆಕ್ಕ. ಊರೂರಲ್ಲೂ ಹಂಚುವ ನಿವೇಶನಗಳನ್ನೇ ತೆಗೆದುಕೊಳ್ಳಿ. 20 × 30, 30 × 40, 40 × 60. ಆರುನೂರು, ಸಾವಿರದಿನ್ನೂರು, ಎರಡು ಸಾವಿರದ ನಾನೂರು. ಮೂರನ್ನೂ ಎಂಟರಿಂದ ಭಾಗಿಸಿ. ಇಡೀ ರಾಜ್ಯದ ಬಡಾವಣೆಗಳಿಗೆ ಬಡಾವಣೆಗಳೇ ಕಾಗೆಯ ಸಂಸಾರ.

ಮೇಲುಕೋಟೆಗೂ ಹೋದೆವು, ಮನೆ ನೋಡುವ ನೆಪ, ಪುಳಿಯೋಗರೆಯ ಜಪ. ಅದೂ ಪಾಂಡವಪುರ ತಾಲ್ಲೂಕೇ. ಬೆಟ್ಟದ ಮೇಲೆ ರಾಯಗೋಪುರದ ಎತ್ತರದ ಕಂಬಗಳು ಸೂರಿಲ್ಲದೆ ಆಕಾಶಕ್ಕೆ ನಿಂತಿವೆ. ಕೆಳಗೆ ಊರೊಳಗಿನ ಪ್ರತಿ ತಾರಸಿಯ ಮೇಲೂ ಪಿಲ್ಲರಿನ ಕಬ್ಬಿಣದ ಸರಳುಗಳು ಹಾಗೆಯೇ ಮೇಲಕ್ಕೆ ಬಾಯಿ ಬಿಟ್ಟುಕೊಂಡಿವೆ. ಸರಳಿನ ತುದಿಗೆ ಖಾಲಿ ಪ್ಲಾಸ್ಟಿಕ್ ಬಾಟಲಿ ಕವುಚಿದ್ದಾರೆ. "ಮುಂದೆ ಮ್ಯಾಲೆ ಕಟ್ಕೋಬೋದು" ಅನ್ನುವುದು ನಮ್ಮ ಜನದ ಹಳೆಯ ಆಸೆ. ಪು.ತಿ.ನ. ಅವರ ಸ್ಮಾರಕವಾಗಿರುವ ಮನೆಯನ್ನೂ ಹೊಕ್ಕು ಬಂದೆವು. ಅದು ಮಾರಾಟಕ್ಕಿಲ್ಲ ಎಂದು ಗೊತ್ತಿದ್ದೂ ಯಜಮಾನರ ಕೈ ಅಭ್ಯಾಸಬಲದಿಂದ ಜೇಬಿನ ಟೇಪಿಗೆ ಹೋಯಿತು.

ಕೆ.ಆರ್. ಪೇಟೆ ನನ್ನ ಸೀಮೆ. ಅಲ್ಲಿ ನಾನು ಸ್ವಲ್ಪ ಎದೆಯುಬ್ಬಿಸಿಯೇ ನಡೆದೆ. ಲಲಿತ ಪ್ರಬಂಧದ ಎ.ಎನ್. ಮೂರ್ತಿರಾಯರು ಹುಟ್ಟಿದ ಅಕ್ಕಿಹೆಬ್ಬಾಳು ಇದೇ ತಾಲ್ಲೂಕಿನದು, ಕೆ.ಎಸ್. ನರಸಿಂಹಸ್ವಾಮಿಯವರ ಕಿಕ್ಕೇರಿಯೂ ಇಲ್ಲಿನದೇ ಎಂದು ಬ್ರೋಕರಿಗೆ ಹೇಳಿದ್ದು ತಪ್ಪಾಯಿತು. "ಹಂಗಾದ್ರೆ ಐವತ್ತು ಸಾವ್ರ ಜಾಸ್ತಿ ಕೇಳ್ತಾರೆ ಮಿಸ್" ಅಂದ.

ಅವನು ತೋರಿಸಿದ್ದು ಒಂದು ತೊಟ್ಟಿಮನೆ. ಅಂದರೆ ತೊಟ್ಟಿಮನೆಯ ಅರ್ಧ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಕಂಬಸಾಲಿನ ಪಡಸಾಲೆ, ಹಿಂದೆ ನಡುಮನೆ, ಅದರ ಪಕ್ಕಕ್ಕೆ ಅಡುಗೆಮನೆ ಮತ್ತು ಬಚ್ಚಲು, ಹೀಗೆ ಇದ್ದ ಒಂದು ಮನೆಯನ್ನು ಅಣ್ಣತಮ್ಮಂದಿರು ಭಾಗ ಮಾಡಿಕೊಂಡಾಗ ಗೋಡೆ ತೊಟ್ಟಿಯ ಮಧ್ಯದಲ್ಲೇ ಹಾದುಹೋಗಿದೆ. ಒಂದು ಮರದ ಕಂಬ ಅಳತೆಗೆ ಸರಿಯಾಗಿ ನಡುವೆ ಸಿಕ್ಕಿದೆ. ಅದನ್ನು ಕೀಳುವಂತಿಲ್ಲ, ಸೂರು ಕೂರುತ್ತದೆ. ಹಾಗಾಗಿ ಗೋಡೆ ಕಂಬವನ್ನೇ ನುಂಗಿಕೊಂಡು ಹೋಗಿದೆ: ಬೋದಿಗೆಯ ಅರ್ಧ ಗಿಳಿ ಈ ಕಡೆ, ಅರ್ಧ ಆ ಕಡೆ. ಕೊಕ್ಕು ಇವರ ಪಾಲಿಗೆ ಬಂದಿತ್ತು. ತೊಟ್ಟಿಯ ನೀರು ಹೋಗುವ ಮೋರಿ ತಮ್ಮನ ಭಾಗದಲ್ಲಿ, ಮಳೆ ಹೆಚ್ಚು ಬೀಳುವುದು ಅಣ್ಣನ ಭಾಗದಲ್ಲಿ. ಅಣ್ಣನಿಗೆ ನಡುಮನೆ ಬಂತು, ಅಡುಗೆಮನೆ ಬರಲಿಲ್ಲ. ಅವನು ನಡುಮನೆಯ ದೇವರ ಗೂಡಿನ ಕೆಳಗೇ ಗ್ಯಾಸ್ ಒಲೆ ಇಟ್ಟ. ದೇವರಿಗೆ ನೈವೇದ್ಯ ಬಿಸಿಬಿಸಿಯಾಗಿ ಅಲ್ಲಿಂದಲ್ಲಿಗೇ ಸಲ್ಲುತ್ತದೆ. ಬಚ್ಚಲು ತಮ್ಮನಿಗೆ ಹೋದದ್ದಕ್ಕೆ ಅಣ್ಣ ಜಗಲಿಯ ಒಂದು ತುದಿಯನ್ನು ಮುಚ್ಚಿ ಬಚ್ಚಲು ಮಾಡಿಕೊಂಡ. ತಲೆಬಾಗಿಲಲ್ಲಿ ನಿಂತು ಯಾರಿದ್ದೀರಿ ಎಂದು ಕೂಗಿದರೆ ಪಕ್ಕದಿಂದ "ಮೀತಾವ್ನೆ, ಕೂತ್ಕೊಳಿ" ಎಂದು ಉತ್ತರ ಬರುತ್ತದೆ.

ಪತ್ರ ತೋರಿಸಿದರು. ಪೂರ್ವಕ್ಕೆ ಬೀದಿ, ಉತ್ತರಕ್ಕೆ ಓಣಿ, ಪಶ್ಚಿಮಕ್ಕೆ ಇನ್ನೊಬ್ಬರ ಮನೆ, ದಕ್ಷಿಣಕ್ಕೆ 'ಇದೇ ಸ್ವತ್ತಿನ ಉಳಿಕೆ ಭಾಗ'. ಒಟ್ಟಿಗೆ ಉಂಡ ಇಪ್ಪತ್ತು ಜನರ ಮನೆಯ ಅರ್ಧ ಕಾಗದದ ಮೇಲೆ ಉಳಿಕೆಯಾಗಿ ಕೂತಿತ್ತು. ವಿಚಿತ್ರ ಮನೆ ಅಂತ ನಗುತ್ತೇವೆ. ಹತ್ತಿರ ಹೋಗಿ ನೋಡಿದರೆ ಒಂದೊಂದು ಸೊಟ್ಟ ಗೋಡೆಯೂ ಎಂದೋ ಒಂದು ರಾತ್ರಿ ಯಾರೋ ಯಾರೊಂದಿಗೋ ಮಾಡಿಕೊಂಡ ರಾಜಿ.

ಆ ಗೋಡೆಯಲ್ಲಿ ಸೊಂಟದೆತ್ತರಕ್ಕೆ ಒಂದು ಗೂಡಿತ್ತು. ಮೊಳ ಅಗಲ, ಮೊಳ ಎತ್ತರ. ದೀಪದ ಗೂಡೇನೋ ಎಂದುಕೊಂಡು ಕೈ ಇಟ್ಟರೆ ಬೆನ್ನಿಗೆ ಗೋಡೆಯಿಲ್ಲ. ಆ ಕಡೆಯವರು ಒಂದು ಕ್ಯಾಲೆಂಡರು ನೇತುಹಾಕಿ ಮುಚ್ಚಿದ್ದರು.

"ನಮ್ಮತ್ತೆ ಬುಡ್ಲಿಲ್ಲ ಕಣವ್ವ" ಅಂದರು ಮನೆಯ ಹಿರಿಯಾಕೆ. "ಗ್ವಾಡೆ ಹಾಕೋದಾದ್ರೆ ಹಾಕ್ಕಳ್ರಪ್ಪ, ನನ್ ಕೈ ಆಯೋಷ್ಟು ಜಾಗ ಬುಡಿ ಅಂದ್ರು. ಆರ್ ತಿಂಗ್ಳು ಇಲ್ಲಿ, ಆರ್ ತಿಂಗ್ಳು ಅಲ್ಲಿ ಇದ್ರಲ್ಲ, ಯಾವ್ ಕಡೆ ಇದ್ರೂ ಈ ಕಡೆ ಬಸ್ಸಾರು ಆ ಕಡೀಕೆ, ಆ ಕಡೆ ಕಜ್ಜಾಯ ಈ ಕಡೀಕೆ. ಮೊಮ್ಮಕ್ಳೂ ಇದ್ರಲ್ಲೇ ತೂರ್ತಿದ್ವು."

ಈಗ?

"ಈಗ ಮಾತಿಲ್ಲ. ಮುಚ್ಚೋಕೂ ಯಾರೂ ಹೋಗಿಲ್ಲ."

ಯಜಮಾನರು ಗಂಟಲು ಸರಿಮಾಡಿಕೊಂಡು ಬೆಲೆ ಕೇಳಿದರು. ಆಕೆ ಬಾಯಿ ತೆರೆಯುವ ಮೊದಲೇ ಆ ಕಡೆಯ ಕ್ಯಾಲೆಂಡರು ಮೆಲ್ಲಗೆ ಅಲುಗಿ, ಒಂದು ಬೆರಳಿನಷ್ಟು ಪಕ್ಕಕ್ಕೆ ಸರಿಯಿತು.

ಅದೇ ತಾಲ್ಲೂಕಿನ ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ದೇವಾಲಯವನ್ನು ಆ ಸಂಜೆ ನೋಡಿದಾಗ ಹೊಯ್ಸಳರ ಕಾಲದವರಿಗೆ ನಮಗಿಂತ ಬುದ್ಧಿಯಿತ್ತು ಅನ್ನಿಸಿತು. ಒಂದೇ ಸಾಲಿನಲ್ಲಿ ಐದು ಗರ್ಭಗುಡಿ, ಐವರಿಗೂ ಸೇರಿ ಒಂದು ಉದ್ದನೆಯ ಕಂಬದ ಮಂಟಪ. ಕೋಣೆ ಬೇರೆ, ಹಜಾರ ಒಂದೇ. ಶುರುವಿನಲ್ಲೇ ಹೀಗೆ ಕಟ್ಟಿಬಿಟ್ಟರೆ ಪಾಲು ಮಾಡುವಾಗ ಗಿಳಿಯ ಕತ್ತು ಕೊಯ್ಯಬೇಕಾಗುವುದಿಲ್ಲ.

ಇನ್ನೊಂದು ತೊಟ್ಟಿಮನೆ ಇಡಿಯಾಗಿ ಮಾರಾಟಕ್ಕಿತ್ತು, ಆದರೆ ಅದರ ಮರದ ಕಂಬಗಳು ಆಗಲೇ ಬೇರೆಯಾಗಿ ಮಾರಾಟವಾಗಿ ಬೆಂಗಳೂರು ಕಡೆಯ ಯಾವುದೋ ರೆಸಾರ್ಟಿಗೆ ಹೋಗಿದ್ದವು. ಅವುಗಳ ಜಾಗದಲ್ಲಿ ಸಿಮೆಂಟಿನ ಕಂಬ, ಅದರ ಮೇಲೆ ಮರದ ಗೆರೆಗಳಂತೆ ಪೇಂಟು. ಬೇಜಾರಾಯಿತು. ಇದೇನು ಹೊಸದಲ್ಲ, ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆ ಕೆಡವಿದಾಗ ಅದರ ತೊಲೆಗಳೂ ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿನ ಸೂರಿಗೆ ಹೋದವು. ಮರಕ್ಕೆ ಮತವಿಲ್ಲ, ಗೆದ್ದಲಿನ ಭಯ ಮಾತ್ರ.

ನಾಗಮಂಗಲದ ಕಡೆಯ ಹಳ್ಳಿಯೊಂದರಲ್ಲಿ ನೋಡಿದ್ದು ಬಂಗಲೆ. ಮಗ ಬೆಂಗಳೂರಿನಲ್ಲಿ ಸಂಪಾದಿಸಿ ಊರಿನವರು ಬಾಯಿ ಬಿಡಲಿ ಎಂದು ಕಟ್ಟಿಸಿದ್ದು. ಹಾಲಿನ ಸೂರು ಎರಡು ಮಹಡಿಯ ಎತ್ತರ. ಫ್ಯಾನು ಅಲ್ಲೆಲ್ಲೋ ಆಕಾಶದಲ್ಲಿ ತಿರುಗುತ್ತದೆ, ಗಾಳಿ ಮಾಳಿಗೆಯವರಿಗೆ. ಹಾಲಿನ ಮೂಲೆಯಲ್ಲಿ ಗ್ರಾನೈಟಿನ ಬಾರ್ ಕೌಂಟರು, ಎತ್ತರದ ನಾಲ್ಕು ಸ್ಟೂಲು. ಕೌಂಟರಿನ ಮೇಲೆ ಮೂರು ಮೂಟೆ ರಾಗಿ, ಸ್ಟೂಲಿನ ಮೇಲೊಂದು ಕೋಳಿ. ಮಹಡಿಯ ಬಾತ್‌ರೂಮಿನಲ್ಲಿ ಬಿಳಿಯ ಟಬ್ಬು. ಅದರ ತುಂಬ ನೀರು ಹಿಡಿದಿಟ್ಟು ಮೇಲೆ ತಗಡು ಮುಚ್ಚಿ, ತಗಡಿನ ಮೇಲೆ ಚೊಂಬು ಇಟ್ಟಿದ್ದರು. ನಾಲೆ ಹಾಯದ ಸೀಮೆಯಲ್ಲಿ ಮಲಗಿ ಮೀಯುವ ಸಾಮಾನಿಗೆ ಇದಕ್ಕಿಂತ ವಿವೇಕದ ಉಪಯೋಗ ಯಾರಿಗೆ ಹೊಳೆದೀತು! ನೀರಾವರಿ ಇಲಾಖೆಯವರು ಭಕ್ತಿಯಿಂದ ತಗಡು ಎತ್ತಿ ನೋಡಿ ಮುಚ್ಚಿದರು.

ಮನೆಯಲ್ಲಿದ್ದದ್ದು ಮುದುಕಿ ಒಬ್ಬರೇ. ಅವರ ವಾಸ ಬಂಗಲೆಯ ಹಿಂದಿನ ಹೆಂಚಿನ ಕೊಟ್ಟಿಗೆಯಲ್ಲಿ. ಸೌದೆ ಒಲೆ, ಮುದ್ದೆ ತೊಳಸುವ ಕೋಲು, ಮೂಲೆಯಲ್ಲಿ ಎಮ್ಮೆ. ಒಳಗೆ ಯಾಕೆ ಮಲಗಲ್ಲ ಅಂದರೆ, "ಅದು ದ್ವಡ್ದು ಕಣವ್ವ, ಕೆಮ್ಮಿದ್ರೆ ತಿರುಗ್ ಕೆಮ್ತದೆ" ಅಂದರು. ಬೆಲೆ ವಿಷಯ ಎತ್ತಿದಾಗ ಕಣ್ಣು ಕಿರಿದು ಮಾಡಿದರು. "ಮಾರಾದಾ? ಯಾರ್ ಮಾರ್ತಾರೆ? ನನ್ ಮಗ ಸುಮ್ಕೆ ರೇಟ್ ಕೇಳ್ತಾ ಇರ್ತಾನೆ." ಬ್ರೋಕರು ಅಂಗಳಕ್ಕೆ ಹೋಗಿ ಫೋನಿನಲ್ಲಿ ಯಾರೊಂದಿಗೋ ಜಗಳವಾಡಿ ಬಂದ. ನಾವು ಮಜ್ಜಿಗೆ ಕುಡಿದು ಎದ್ದೆವು.

ಹೀಗೆ ನಾಲ್ಕು ತಾಲ್ಲೂಕು ಮುಗಿಯಿತು. ಯಾವುದೂ ಹೊಂದಲಿಲ್ಲ. ಮೊದಲು ನಿಮ್ಮದನ್ನ ಮಾರಿ, ದುಡ್ಡು ಕೈಗೆ ಬಂದರೆ ಮನಸ್ಸು ತಾನೇ ಹೊಂದಿಕೊಳ್ಳುತ್ತೆ ಎಂದು ಬ್ರೋಕರು ಉಪಾಯ ಹೇಳಿದ. ಹೋದ ಭಾನುವಾರ ಒಂದು ಗಂಡ ಹೆಂಡತಿಯನ್ನು ಕರೆದುಕೊಂಡು ಬಂದ. ನಾನು ಬೆಳಿಗ್ಗೆಯೇ ಎದ್ದು ಗುಡಿಸಿ, ಒರೆಸಿ, ಒಣಗಿದ ಬಟ್ಟೆಯನ್ನೆಲ್ಲ ಬೀರುವಿಗೆ ತುರುಕಿ ಕಾದಿದ್ದೆ. 1996ರಲ್ಲಿ ಕಟ್ಟಿದ ಮನೆ, ಮೂವತ್ತು ನಲವತ್ತರ ಸೈಟು, ಕೆಂಪು ಗಾರೆಯ ನೆಲ. ಅವರು ಸೌಜನ್ಯದಿಂದ ಎಲ್ಲ ನೋಡಿದರು. ಗಂಡನ ಜೇಬಿನಲ್ಲಿ ಟೇಪಿತ್ತು. ಅಡುಗೆಮನೆಗೆ ಬಂದಾಗ ಹೆಂಡತಿ ಒಲೆಯ ಪಕ್ಕದ ಗೋಡೆಯ ಮುಂದೆ ನಿಂತಳು. ನಗು ತಡೆದುಕೊಂಡಿದ್ದಾಳೆ ಅಂತ ಗೊತ್ತಾಯಿತು. ಆರು ತಿಂಗಳು ನಾನೂ ಹಾಗೆಯೇ ತಡೆದುಕೊಂಡಿದ್ದೆ.

"ಅಡುಗೆಮನೇಲಿ ಇದೇನಾಂಟಿ, ಕರಿ ಹಲಗೆ?"

ಗೋಡೆಯ ಮೇಲೆ ಮೂರಡಿಗೆ ಐದಡಿ ಸಿಮೆಂಟು ನುಣುಪು ಮಾಡಿ ಕರಿ ಬಣ್ಣ ಬಳಿಸಿದ್ದೆವು. ಸಂಜೆ ಹುಡುಗರು ಪಾಠಕ್ಕೆ ಬರುತ್ತಿದ್ದರು. ಬೇಳೆಗೆ ಕೂಗು ಹಾಕಿಸುತ್ತ, ಸೀಮೆಸುಣ್ಣ ಹಿಡಿದು ಹೇಳಿಕೊಡಬೇಕಿತ್ತು. ಎಡಗೈಲಿ ಸೌಟು, ಬಲಗೈಲಿ ಪೈಥಾಗೊರಸ್. ಅದನ್ನೆಲ್ಲ ಹೇಳಲು ಬಾಯಿ ತೆರೆದೆ, ಎಲ್ಲಿಂದ ಶುರು ಮಾಡುವುದೋ ತಿಳಿಯಲಿಲ್ಲ. ಬ್ರೋಕರಿನ ಕಡೆ ನೋಡಿದೆ. ಅವನು ಹಲಗೆಯ ಕೆಳಗಿನ ಮೂಲೆಯನ್ನು ನೋಡುತ್ತ ನಿಂತಿದ್ದ. ನೆಲದ ಮೇಲೆ ಕೂತ ಹುಡುಗನ ತಲೆ ತಾಗಿ ತಾಗಿ ಅಲ್ಲಿ ಎಣ್ಣೆಯ ಕಲೆ ಹಾಗೆಯೇ ಉಳಿದಿದೆ.

"ಅದಕ್ಕೇನು, ಬೇಕಾದ್ರೆ ಮ್ಯಾಲೆ ಟೈಲ್ಸ್ ಹಾಕಿಸ್ಕೊಬೋದು ಬುಡಿ" ಅಂದ ಅವರಿಗೆ, ನನ್ನ ಮುಖ ನೋಡದೆ. ಆಮೇಲೆ ಕಿಟಕಿಯ ಬಾಗಿಲು ತಳ್ಳಿ, "ಗಾಳಿ ಬೆಳಕು ಪಸಂದಾಗೈತೆ" ಅಂದ.